ಬೊಳ್ಳು ಎಳೆದ ಕಡೆಗೆ

ಲ್ಯಾಬ್ರಡಾರ್ ನಾಯಿಯನ್ನು ಬೆಳ್ಳಂಬೆಳಿಗ್ಗೆ ಮಂಗಳೂರಿನ ಧಕ್ಕೆಗೆ, ಅಂದರೆ ದೋಣಿಗಳಿಂದ ಮೀನು ಇಳಿಸುವ ಜಾಗಕ್ಕೆ, ಕರೆದುಕೊಂಡು ಹೋಗುವುದು ಬುದ್ಧಿ ಇದ್ದವರ ಕೆಲಸ ಅಲ್ಲ. ನಾನು ಮಾಡಿದ್ದೇನೆ. ಬ್ರೂನೋ ಹೊರಳಾಡಿದ್ದು ಯಾವ ಮೀನಿನ ಮೇಲೆ ಅಂತ ಕೊನೆಗೂ ಗೊತ್ತಾಗಲಿಲ್ಲ. ಬೂತಾಯಿ ಇರಬೇಕು, ಎರಡು ದಿನ ಹಳೆಯದ್ದು. ವಾಪಸ್ ಬರುವಾಗ ಎರಡು ರಿಕ್ಷಾ ನಿಲ್ಲಿಸದೆ ಹೋದವು. ಮೂರನೆಯವರು ನಿಲ್ಲಿಸಿದರು, ಮೂಗಿಗೆ ಟವೆಲ್ ಹಿಡಿದರು, "ಅಕ್ಕಾ, ಬೇಕಾದ್ರೆ ನಿಮ್ಮನ್ನು ಮಾತ್ರ ಬಿಡ್ತೇನೆ" ಅಂದರು. ಮೂವರೂ ಬೋಳೂರಿನ ತನಕ ನಡೆದೇ ಬಂದೆವು.

ಮೂವರು ಅಂದರೆ ನಾನು, ಬ್ರೂನೋ, ಬೊಳ್ಳು. ಬ್ರೂನೋ ನನ್ನ ಚಿಕ್ಕಮ್ಮನ ಮಗ ದುಬೈಗೆ ಹೋಗುವಾಗ ಬಿಟ್ಟು ಹೋದ ಆಸ್ತಿ. ಗಲ್ಫ್‌ಗೆ ಹೊರಟವರು ಮೊದಲೆಲ್ಲ ಮಿಕ್ಸಿ, ಬೈಕು ಬಿಟ್ಟು ಹೋಗುತ್ತಿದ್ದರು. ಈಗ ಲ್ಯಾಬ್ರಡಾರನ್ನೂ ಬಿಡುತ್ತಾರೆ. ಬೊಳ್ಳು ನಾಟಿ. ಒಂದು ಜುಲೈಯಲ್ಲಿ ಒಣ ಮೀನು ತರಲು ಬಂದರಿಗೆ ಹೋಗಿದ್ದೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಧಕ್ಕೆಯ ನಾಯಿ, ಬೆಕ್ಕು, ಕಾಗೆಗಳಿಗೆಲ್ಲ ಉಪವಾಸ. ಪಕ್ಕೆಲುಬು ಎಣಿಸುವ ಹಾಗಿದ್ದ ಒಂದು ಬಿಳಿ ಮರಿ ನನ್ನ ಚೀಲದ ಹಿಂದೆ ಹೊರಟಿತು. ಎಷ್ಟು ಅಟ್ಟಿದರೂ ಹೋಗಲಿಲ್ಲ. ಮನೆ ಗೇಟಿನ ಹತ್ತಿರ ಬಂದ ಮೇಲೆ ನಾನೇ ಸೋತೆ. ಒಣ ಮೀನು ತಂದ ಚೀಲದಲ್ಲೇ ಒಂದು ವಾರ ಮಲಗಿದಳು.

ಆ ನಾತದ ದಿನದ ನಂತರ ಇದು ಅಭ್ಯಾಸವೇ ಆಗಿಬಿಟ್ಟಿತು. ಭಾನುವಾರ ಬೆಳಿಗ್ಗೆ, ಮಳೆ ಇಲ್ಲದಿದ್ದರೆ, ಸುಲ್ತಾನ್ ಬತ್ತೇರಿಯಿಂದ ಹೊರಟು ಕುದ್ರೋಳಿ, ಬಂದರು, ಧಕ್ಕೆ ದಾಟಿ ಹೊಯ್ಗೆ ಬಜಾರಿನ ತನಕ. ನೀರಿನ ಬದಿಯಲ್ಲೇ 5-6 ಕಿಲೋಮೀಟರ್. ನೀರಿನ ಬದಿ ಅಂತ ಬರೆದೆನಲ್ಲ, ಅದು ಮ್ಯಾಪಿನಲ್ಲಿ ಮಾತ್ರ. ನಡೆಯುವಾಗ ನೀರು ಕಾಣಿಸುವುದೇ ಅಪರೂಪ. ಮಂಗಳೂರು ಹೊಳೆಗೆ ಬೆನ್ನು ಹಾಕಿ ಕೂತ ಊರು. ಎರಡು ಹೊಳೆ, ಒಂದು ಕಡಲು ಇದ್ದೂ ನಮಗೆ ನೀರು ನೋಡಬೇಕಾದರೆ ಪಣಂಬೂರಿಗೋ ತಣ್ಣೀರುಬಾವಿಗೋ ಹೋಗಬೇಕು. ಹೊಳೆಯ ಬದಿಯಲ್ಲಿ ಏನಿದೆ? ಗೋಡೌನಿನ ಹಿಂಗೋಡೆ, ಹೆಂಚಿನ ಕಾರ್ಖಾನೆಯ ಹಿಂಗೋಡೆ, ಮಂಜುಗಡ್ಡೆ ಕಾರ್ಖಾನೆಯ ಹಿಂಗೋಡೆ. ನಡುವೆ ಅಲ್ಲೊಂದು ಇಲ್ಲೊಂದು ಓಣಿ. ಆ ಓಣಿಗಳು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬೊಳ್ಳುವಿಗೆ. ಹಗ್ಗ ಬಿಗಿಯಾಯಿತು ಅಂದರೆ ಮೂವತ್ತು ಹೆಜ್ಜೆಯೊಳಗೆ ಒಂದು ಸಂದು, ಸಂದಿನ ಕೊನೆಯಲ್ಲಿ ಹೊಳೆ.

ಇನ್ನೊಂದು ವಿಷಯ ಹೇಳಿಯೇಬಿಡುತ್ತೇನೆ. ನನಗೆ ನಲವತ್ತಾರು. ಹುಟ್ಟಿ ಬೆಳೆದದ್ದೆಲ್ಲ ಇದೇ ಊರು. ಆದರೂ ಬಂದರಿನ ಒಳಗಲ್ಲಿಗಳಿಗೆ ನಾನು ಒಬ್ಬಳೇ ಹೋದದ್ದು ಇಲ್ಲವೇ ಇಲ್ಲ ಅನ್ನಬೇಕು. ಹೋಗಬಾರದು ಅಂತ ಯಾರೂ ಹೇಳಲಿಲ್ಲ. ಹೋಗಲು ಕೆಲಸ ಇರಲಿಲ್ಲ, ಅಷ್ಟೇ. ಮೀನು ಮಾರುವ ಹೆಂಗಸರಿಗೆ ಅಲ್ಲಿ ಕೆಲಸ ಉಂಟು, ಹಾಗಾಗಿ ಜಾಗವೂ ಉಂಟು. ನನ್ನಂಥವಳು ಗೋಡೌನಿನ ಮುಂದೆ ಎರಡು ನಿಮಿಷ ಸುಮ್ನೆ ನಿಂತರೆ, "ಯಾರು ಬೇಕಿತ್ತು?" ಅಂತ ಯಾರಾದರೂ ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಆದರೂ ಉತ್ತರ ಕೊಡಬೇಕಾಗುತ್ತದೆ. ನಾಯಿ ಇದ್ದರೆ ಯಾರೂ ಕೇಳುವುದಿಲ್ಲ. ನಾಯಿ ಮೂಸುತ್ತಿದೆ, ಹಾಗಾಗಿ ಅಕ್ಕ ನಿಂತಿದ್ದಾರೆ. ಇಷ್ಟು ಸಾಕು. ಕಂಬ ಮೂಸಲು ಬೊಳ್ಳುವಿಗೆ ಐದು ನಿಮಿಷ ಬೇಕಾದರೆ ನನಗೂ ಆ ಐದು ನಿಮಿಷ ಸಿಗುತ್ತದೆ. ಕೇಳುವುದಿದ್ದರೆ ಒಂದೇ ಪ್ರಶ್ನೆ: "ಕಚ್ತದಾ?"

ಬತ್ತೇರಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ನೋಡಿದ್ದೇ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು. ಗುರುಪುರ ಹೊಳೆಗೆ, ಅಂದರೆ ಫಲ್ಗುಣಿಗೆ, ಶತ್ರುಗಳ ಹಡಗು ನುಗ್ಗಬಾರದು ಅಂತ. ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮಂಗಳೂರು ಒಪ್ಪಂದ ಆದದ್ದೂ ಅದೇ ವರ್ಷ, ಮಾರ್ಚ್ 11ಕ್ಕೆ. ರಾಜಿಗೆ ಸಹಿ ಹಾಕಿದ ವರ್ಷವೇ ತೋಪು ಇಡುವ ಬುರುಜನ್ನೂ ಕಟ್ಟಿಸಿದ್ದು ನೋಡಿದರೆ, ಆ ರಾಜಿಯ ಮೇಲೆ ಎಷ್ಟು ನಂಬಿಕೆ ಇತ್ತು ಅಂತ ಗೊತ್ತಾಗುತ್ತದೆ. ಬತ್ತೇರಿ ಅನ್ನುವ ಹೆಸರೂ ತೋಪಿನದ್ದೇ, ಇಂಗ್ಲಿಷಿನ ಬ್ಯಾಟರಿ ನಮ್ಮ ಬಾಯಲ್ಲಿ ಹೀಗಾಯಿತು. ಚಿಕ್ಕವಳಿದ್ದಾಗ ನಾನು ಅಲ್ಲಿ ಟಾರ್ಚಿನ ಬ್ಯಾಟರಿ ಸಿಗುತ್ತದೆ ಅಂದುಕೊಂಡಿದ್ದೆ. ಮೇಲೆ ಹತ್ತಲು ಬ್ರೂನೋಗೆ ಇಷ್ಟ. ಬೊಳ್ಳು ಮೆಟ್ಟಿಲು ನೋಡಿದ ಕೂಡಲೇ ಕೂತುಬಿಡುತ್ತಾಳೆ. ಇತಿಹಾಸದಲ್ಲಿ ಅವಳಿಗೆ ಆಸಕ್ತಿ ಇಲ್ಲ.

ಅಲ್ಲಿಂದ ಕುದ್ರೋಳಿಯ ತನಕ ಬೀದಿನಾಯಿಗಳ ರಾಜ್ಯ. ನಾಯಿ ಕಟ್ಟಿಕೊಂಡು ನಡೆದವರಿಗೆ ಮಾತ್ರ ಈ ಊರಿನ ನಿಜವಾದ ಗಡಿಗಳು ಗೊತ್ತು. ಕಾರ್ಪೊರೇಷನ್ನಿನ ವಾರ್ಡುಗಳಿಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಗಲ್ಲಿಯ ನಾಯಿಗಳು ಬೊಗಳುತ್ತಾ ನಮ್ಮನ್ನು ತಿರುವಿನ ತನಕ ತಂದು ಬಿಡುತ್ತವೆ. ತಿರುವಿನಲ್ಲಿ ಥಟ್ಟನೆ ನಿಲ್ಲುತ್ತವೆ. ಆಚೆ ಕಡೆ ಇನ್ನೊಂದು ತಂಡ ಕಾಯುತ್ತಾ ಇರುತ್ತದೆ. ಬರ್ಕೆ ಠಾಣೆಯವರು ಬಂದರು ಠಾಣೆಗೆ ಒಪ್ಪಿಸಿದ ಹಾಗೆ. ಹೆಚ್ಚಿನವುಗಳ ಕಿವಿಯ ತುದಿಯಲ್ಲಿ ಸಣ್ಣ ಕತ್ತರಿಯ ಗುರುತು ಇದೆ. ಸಂತಾನಹರಣ ಆಪರೇಷನ್ ಆಗಿದೆ, ಅದರ ಜೊತೆಗೇ ರೇಬೀಸ್ ಚುಚ್ಚುಮದ್ದು ಕೊಟ್ಟಿದ್ದಾರೆ ಅಂತ ಲೆಕ್ಕ. ಬೊಳ್ಳುವಿನ ಎಡಗಿವಿಯಲ್ಲೂ ಅದೇ ಗುರುತು.

ಇಂಥ ಗಡಿಯಲ್ಲಿ ನಾನು ಮೊದಲು ಮಾಡುತ್ತಿದ್ದ ತಪ್ಪು ಹಗ್ಗ ಜಗ್ಗುವುದು. ಹಗ್ಗ ಬಿಗಿಯಾದರೆ ನನ್ನ ಹೆದರಿಕೆ ನೇರ ನಾಯಿಯ ಕುತ್ತಿಗೆಗೆ ಹೋಗುತ್ತದೆ. ಬ್ರೂನೋ ಆಗ ಇಲ್ಲದ ಶೌರ್ಯ ತೋರಿಸುತ್ತಾನೆ. ಈಗ ಹಗ್ಗ ಸಡಿಲ ಬಿಟ್ಟು, ಆ ನಾಯಿಗಳ ಕಣ್ಣು ನೋಡದೆ, ಸ್ವಲ್ಪ ಸುತ್ತು ಹಾಕಿ ನಡೆಯುತ್ತೇನೆ. ನೇರ ಎದುರಿಗೆ ಹೋಗುವುದು ನಾಯಿಗಳ ಲೋಕದಲ್ಲಿ ಮರ್ಯಾದೆ ಅಲ್ಲ. ಇದನ್ನು ಕಲಿಸಿದವಳು ಬೊಳ್ಳು. ಮುಖ ಪಕ್ಕಕ್ಕೆ ತಿರುಗಿಸಿ, ನೆಲ ಮೂಸುವ ನಾಟಕ ಮಾಡುತ್ತಾ, ಮದುವೆ ಮನೆಯಲ್ಲಿ ಬೇಡದ ನೆಂಟರನ್ನು ದಾಟಿ ಹೋಗುವ ಹಾಗೆ ದಾಟುತ್ತಾಳೆ.

ಬಂದರು ಶುರುವಾಗುವುದು ಕಣ್ಣಿಗಿಂತ ಮೊದಲು ಮೂಗಿಗೆ. ಒಣ ಮೆಣಸು, ಅರಿಶಿನ, ಬೆಲ್ಲ, ಗೋಣಿ, ಡೀಸೆಲ್. ಮೆಣಸಿನ ಅಂಗಡಿಗಳ ಮುಂದೆ ಬೊಳ್ಳು ಸರಿಯಾಗಿ ನಾಲ್ಕು ಸಲ ಸೀನುತ್ತಾಳೆ. ಗೋಡೌನುಗಳ ಜಗಲಿ ಎತ್ತರ, ಮಾಡಿನ ಹೆಂಚು ಕಪ್ಪಾಗಿದೆ, ಬಾಗಿಲಿನ ಹಲಗೆಗಳಿಗೆ ನಂಬರು ಬರೆದಿದೆ. ಈ ವ್ಯಾಪಾರ ನಿನ್ನೆ ಮೊನ್ನೆಯದ್ದಲ್ಲ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಈ ಊರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ಇದ್ದ. ಏಡನ್‌ಗೆ ಕರಿಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಅವನ ಕಾಗದ ಪತ್ರಗಳು ಕೈರೋದ ಒಂದು ಹಳೆಯ ಸಿನಗಾಗ್‌ನಲ್ಲಿ ಉಳಿದುಕೊಂಡವು. ಅದರಲ್ಲಿ ಅವನ ಪರವಾಗಿ ಏಡನ್‌ಗೆ ಹೋಗಿ ಬರುತ್ತಿದ್ದ ಒಬ್ಬ ಆಳಿನ ಹೆಸರೂ ಇದೆ, ಬೊಮ್ಮ. ರಾಜರಲ್ಲ, ಸೇನಾಪತಿಯಲ್ಲ, ಲೆಕ್ಕದ ಚೀಟಿಯಲ್ಲಿ ಉಳಿದ ಆಳು. ಅಕ್ಕಿ ಮೂಟೆ ಹೊತ್ತು ಹಲಗೆ ಹತ್ತುವವರನ್ನು ನೋಡುವಾಗ ನನಗೆ ಟಿಪ್ಪುವಿಗಿಂತ ಜಾಸ್ತಿ ನೆನಪಾಗುವುದು ಇವನೇ.

ಇಲ್ಲಿ ನಾಯಿಗಳ ವಿಷಯದಲ್ಲಿ ಎರಡು ಎಚ್ಚರಿಕೆ. ಒಂದು, ನಿಂತ ನೀರು ಕುಡಿಯಲು ಬಿಡಬಾರದು. ಗೋಡೌನು ಇದ್ದಲ್ಲಿ ಇಲಿ ಇದ್ದೇ ಇರುತ್ತದೆ, ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ನಮಗೂ ಬರುತ್ತದೆ, ನಾಯಿಗೂ ಬರುತ್ತದೆ. ನಾಯಿಗೆ ಅದಕ್ಕೆ ಚುಚ್ಚುಮದ್ದು ಇದೆ, ವರ್ಷ ವರ್ಷ ಹಾಕಿಸಬೇಕು. ಎರಡನೆಯದ್ದು ಮನುಷ್ಯರ ವಿಷಯ. ಬಂದರಿನ ಝೀನತ್ ಬಕ್ಷ್ ಮಸೀದಿ ಏಳನೇ ಶತಮಾನದ್ದು ಅನ್ನುವ ಹೇಳಿಕೆ ಇದೆ. ಒಳಗಿನ ಮರದ ಕೆತ್ತನೆ ನೋಡಿದವರು ಮರೆಯುವುದಿಲ್ಲ. ನಮಾಜಿನ ಹೊತ್ತಿಗೆ ನಾನು ಆ ಬೀದಿ ಬಿಟ್ಟು ಹಿಂದಿನ ಗಲ್ಲಿಯಿಂದ ಹೋಗುತ್ತೇನೆ. ನಾಯಿಯ ಜೊಲ್ಲು ಬಟ್ಟೆಗೆ ತಾಗಿದರೆ ಅವರು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಸೇರಿಸಿ. ಬ್ರೂನೋಗೆ ಜೊಲ್ಲು ಬಿಟ್ಟರೆ ಬೇರೆ ಆಸ್ತಿ ಇಲ್ಲ. ನಮ್ಮ ಅಜ್ಜಿಯೂ ಏನು ಕಡಿಮೆ ಇರಲಿಲ್ಲ. ತುಳಸಿಕಟ್ಟೆ ದಾಟಿ ಬಂದ ನಾಯಿಗೆ ಸೌದೆ ಎಸೆಯುತ್ತಿದ್ದರು.

ಮಡಿ ಬೇರೆ, ಮನಸ್ಸು ಬೇರೆ. ಒಂದು ಏಪ್ರಿಲಿನಲ್ಲಿ ಬ್ರೂನೋ ಸೆಕೆ ತಡೆಯಲಾರದೆ ಒಂದು ಬೆಲ್ಲದ ಅಂಗಡಿಯ ನೆರಳಿನಲ್ಲಿ ಕಾಲು ಚಾಚಿ ಬಿದ್ದುಬಿಟ್ಟ. ನಾಲಿಗೆ ಒಂದು ಗೇಣು ಹೊರಗೆ. ಅಂಗಡಿಯ ಹಿರಿಯರು, ನಾನು ಅವರನ್ನು ಹಾಜಿಯವರು ಅನ್ನುತ್ತೇನೆ, ಗಲ್ಲೆಯಿಂದ ಎದ್ದರು. ಬಿಳಿ ಲುಂಗಿಯನ್ನು ಮಂಡಿಯ ತನಕ ಎತ್ತಿ ಹಿಡಿದರು. ಎಣ್ಣೆ ಡಬ್ಬಿಯನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ಬೋಗುಣಿಯನ್ನು ಕಾಲಿನಿಂದ ಮೆಲ್ಲ ಮುಂದೆ ತಳ್ಳಿದರು. ಎರಡು ಮಾರು ದೂರದಲ್ಲಿ ನಿಂತು, ಕೈ ಎತ್ತಿ, ಬಾಟಲಿಯ ನೀರನ್ನು ಅದರೊಳಗೆ ಹೊಯ್ದರು. ಒಂದು ಹನಿ ಹೊರಗೆ ಬೀಳಲಿಲ್ಲ. ಬ್ರೂನೋ ಕುಡಿದು ಮುಗಿಸುವ ತನಕ ನಿಂತಿದ್ದು, "ಇನ್ನು ಏಳು ಗಂಟೆಗೆ ಮುಂಚೆ ಬನ್ನಿ, ಟೀಚರೇ. ಪಾಪ, ಅದಕ್ಕೆ ಚಪ್ಪಲಿ ಇಲ್ಲ" ಅಂದರು. ನಾನು ಟೀಚರ್ ಅಲ್ಲ. ಕನ್ನಡಕ ಇದ್ದವರೆಲ್ಲ ಈ ಕಡೆ ಟೀಚರೇ. ಆದರೆ ಅವರು ಹೇಳಿದ್ದು ಸರಿ. ಬಿಸಿ ಡಾಂಬರಿನ ಮೇಲೆ ನಮ್ಮ ಅಂಗೈ ಐದಾರು ಸೆಕೆಂಡು ಇಡಲಿಕ್ಕಾಗದಿದ್ದರೆ ನಾಯಿಯನ್ನೂ ನಡೆಸಬಾರದು.

ಹಳೆ ಬಂದರಿನಿಂದ ಈಗಲೂ ಲಕ್ಷದ್ವೀಪಕ್ಕೆ ಮಂಜಿ, ಅಂದರೆ ಸಾಮಾನು ಸಾಗಿಸುವ ಸಣ್ಣ ಹಡಗು, ಹೋಗುತ್ತದೆ. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಎಲ್ಲ ಹೇರಿಕೊಂಡು. ದೊಡ್ಡ ಹಡಗುಗಳಿಗೆ ಈ ಬಂದರು ಎಂದೂ ಸರಿಹೋಗಲಿಲ್ಲ. ನೇತ್ರಾವತಿ, ಫಲ್ಗುಣಿ ಎರಡೂ ಒಟ್ಟಿಗೆ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಹೊಯ್ಗೆಯ, ಅಂದರೆ ಮರಳಿನ, ದಿಬ್ಬ. ಹಡಗು ಹೊರಗೆ ನಿಲ್ಲಬೇಕು, ಸಾಮಾನು ಸಣ್ಣ ದೋಣಿಯಲ್ಲಿ ಬರಬೇಕು. ಅದಕ್ಕೇ 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಆಯಿತು, ಇಂದಿರಾ ಗಾಂಧಿ 1975ರ ಜನವರಿಯಲ್ಲಿ ಬಂದು ಉದ್ಘಾಟಿಸಿದರು. ಹಳೆಯದಕ್ಕೆ ಮೀನು ಮತ್ತು ಮಂಜಿ ಉಳಿದವು.

ಒಂದು ಭಾನುವಾರ ಅಂಥ ಒಂದು ಮಂಜಿಯ ಪಕ್ಕ ನಿಂತಿದ್ದೆವು. ಹಡಗಿನ ಒಬ್ಬ ಹುಡುಗ, ಇಪ್ಪತ್ತು ವರ್ಷ ಇರಬಹುದು, ಈರುಳ್ಳಿ ಚೀಲಗಳ ರಾಶಿಯ ಹಿಂದೆ ನಿಂತು ಕುತ್ತಿಗೆ ಮಾತ್ರ ಹೊರಗೆ ಹಾಕಿ ನಮ್ಮನ್ನೇ ನೋಡುತ್ತಿದ್ದ. ಹೆದರಿಕೆಯಾ ಅಂತ ಕೇಳಿದೆ. ಅವನಿಗೆ ಕನ್ನಡ ಬರುವುದಿಲ್ಲ. ಮೂಟೆ ಹೊರುವವರೊಬ್ಬರು ನಕ್ಕರು. "ಅವನ ಊರಲ್ಲಿ ನಾಯಿಯೇ ಇಲ್ಲ ಅಕ್ಕಾ." ನಿಜ. ಲಕ್ಷದ್ವೀಪಕ್ಕೆ ನಾಯಿ ಕೊಂಡುಹೋಗುವಂತಿಲ್ಲ, ಅಲ್ಲಿ ರೇಬೀಸೂ ಇಲ್ಲ. ಓದಿ ಗೊತ್ತಿತ್ತು. ಆದರೆ ನಾಯಿ ಇಲ್ಲದ ಊರಿನಿಂದ ಬಂದ ಮನುಷ್ಯನನ್ನು ಎದುರಿಗೆ ನೋಡಿದ್ದು ಅದೇ ಮೊದಲು. ರಾತ್ರಿ ಯಾರೂ ಬೊಗಳದ ಊರು ಹೇಗಿರಬಹುದು?

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ಕಿಸೆಯಿಂದ ಫೋನು ತೆಗೆದು ಮನೆಗೆ ವಿಡಿಯೋ ಕಾಲ್ ಮಾಡಿದ. ಚೀಲದ ರಾಶಿಯ ಮೇಲಿನಿಂದ ಫೋನನ್ನು ನಮ್ಮ ಕಡೆಗೆ ತಿರುಗಿಸಿ ಹಿಡಿದ. ಪರದೆಯ ತುಂಬಾ ಮಕ್ಕಳ ಹಣೆ, ಹಲ್ಲು. ಬ್ರೂನೋ ಆ ಹೊತ್ತಿಗೇ ಬಾಯಿ ಪೂರ್ತಿ ತೆರೆದು ಒಂದು ಆಕಳಿಕೆ ಬಿಟ್ಟ. ಫೋನಿನೊಳಗೆ ಕಿರುಚಾಟ. ಆಮೇಲೆ ನಗು. ಬೊಳ್ಳುವನ್ನು ಯಾರೂ ಕೇಳಲಿಲ್ಲ. ಅವಳು ಬೆನ್ನು ತಿರುಗಿಸಿ ಈರುಳ್ಳಿ ಚೀಲ ಮೂಸುತ್ತಿದ್ದಳು.

ಧಕ್ಕೆಯಲ್ಲಿ ಈಗ ನಾವು ನಿಲ್ಲುವುದಿಲ್ಲ, ಕಾರಣ ಮೇಲೆ ಹೇಳಿದ್ದೇನೆ. ಬ್ರೂನೋನ ಹಗ್ಗ ಎರಡು ಸುತ್ತು ಕೈಗೆ ಸುತ್ತಿಕೊಂಡು ದಾಟುತ್ತೇನೆ. ಬಂಗುಡೆಯ ಬುಟ್ಟಿಗಳ ನಡುವೆ ಮಂಜುಗಡ್ಡೆ ಕುಟ್ಟುವ ಸದ್ದು, ಹರಾಜಿನ ಕೂಗು, ಬೆಂಗ್ರೆಗೆ ಹೋಗುವ ದೋಣಿಯವರ ಗಡಿಬಿಡಿ. ಬೊಳ್ಳು ಮಾತ್ರ ಇಲ್ಲಿ ಬೇರೆಯೇ ಆಗುತ್ತಾಳೆ. ಕಿವಿ ಹಿಂದಕ್ಕೆ, ಬಾಲ ಕೆಳಗೆ, ನನ್ನ ಕಾಲಿಗೆ ಅಂಟಿಕೊಂಡು ನಡೆಯುತ್ತಾಳೆ. ಹುಟ್ಟಿದ ಊರು ಅಂತ ಖುಷಿಪಡುವುದು ನಾವು ಮನುಷ್ಯರು. ಮೀನು ಹೆಚ್ಚುವ ಒಬ್ಬ ಅಜ್ಜಿ ಪ್ರತಿ ಸಲ "ಬಲ, ಬಲ" ಅಂತ ತುಳುವಿನಲ್ಲಿ ಕರೆದು ತಲೆ ತುಂಡು ಎಸೆಯುತ್ತಾರೆ. ಅವಳು ಮುಟ್ಟುವುದಿಲ್ಲ. ಬ್ರೂನೋ ಗಾಳಿಯಲ್ಲೇ ಹಿಡಿಯುತ್ತಾನೆ.

ಅಲ್ಲಿಂದ ಮುಂದೆ ಹೊಳೆಯ ಬದಿಗೆ ಹೊಸದಾಗಿ ಮಾಡಿದ ಒಂದು ನಡಿಗೆ ಹಾದಿ ಸಿಕ್ಕಿತ್ತು ಒಮ್ಮೆ. ಕಲ್ಲು ಹಾಸು, ಬೆಂಚು, ದೀಪದ ಕಂಬ. ಗೇಟಿನಲ್ಲಿ ಕಾವಲಿನವರು ತಡೆದರು. ನಾಯಿ ಬಿಡುವುದಿಲ್ಲ. ಆಯಿತು ಅಂದೆ. ಅವರ ಹಿಂದೆ, ಹೊಸ ಕಲ್ಲುಹಾಸಿನ ಮೇಲೆ, ಐದು ಬೀದಿನಾಯಿಗಳು ನಿದ್ದೆ ಮಾಡುತ್ತಿದ್ದವು. ನಾನು ಅವುಗಳನ್ನು ನೋಡಿದೆ, ಅವರೂ ತಿರುಗಿ ನೋಡಿದರು. "ಅದು ಇಲ್ಲಿಯದ್ದೇ ಮೇಡಂ" ಅಂದರು. ವಾದಕ್ಕೆ ಉತ್ತರ ಇರಲಿಲ್ಲ. ಒಂದು ಸಿಟ್ಟು ಮಾತ್ರ ಇನ್ನೂ ಉಳಿದಿದೆ. ಮೂಟೆ, ಮೀನು, ಮಣ್ಣು ಇದ್ದ ಕಡೆ ನನ್ನ ನಾಯಿಗಳನ್ನು ಯಾರೂ ತಡೆಯಲಿಲ್ಲ. ತಿರುಗಾಡಲಿಕ್ಕೆಂದೇ ಮಾಡಿದ ಜಾಗದಲ್ಲಿ ತಡೆದರು.

ಹೊಯ್ಗೆ ಬಜಾರು ನನಗೆ ಅಪ್ಪನ ಜಾಗ. ಒಂದು ಹೆಂಚಿನ ಕಾರ್ಖಾನೆಯಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿದ್ದರು. ಸಂಜೆ ಮನೆಗೆ ಬಂದರೆ ಪಂಚೆಯ ಅಂಚು, ಉಗುರಿನ ಸಂದು, ಕಿವಿಯ ಹಿಂದೆಲ್ಲ ಕೆಂಪು ಧೂಳು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೊಳೆಯ ಉದ್ದಕ್ಕೂ ಚಿಮಣಿಗಳು ಎದ್ದವು. ಹೊಳೆಯ ಬದಿಯೇ ಯಾಕೆ ಅಂದರೆ ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸೌದೆ ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹೆಂಚು ದೋಣಿಯಲ್ಲೇ ಹೋಗುತ್ತಿತ್ತು, ಬರ್ಮಾ, ಸಿಲೋನ್, ಪೂರ್ವ ಆಫ್ರಿಕಾದ ತನಕ. ಕಾಂಕ್ರೀಟು ಬಂತು, ಮಣ್ಣು, ಸೌದೆ ದುಬಾರಿಯಾಯಿತು, ಒಂದೊಂದೇ ಚಿಮಣಿ ತಣ್ಣಗಾಯಿತು. ಅಪ್ಪ ಹೆಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಠಣ್ ಅಂದರೆ ಫಸ್ಟು. ಡಬ್ ಅಂದರೆ ಒಳಗೆ ಬಿರುಕು. ಬಣ್ಣ ಕೆಟ್ಟದ್ದು, ಸೊಟ್ಟಗಾದದ್ದು, ಮೇಲೆ ಗುರುತು ಬಿದ್ದದ್ದು ಸೆಕೆಂಡ್ಸು. ಅದನ್ನು ಕಡಿಮೆ ಬೆಲೆಗೆ ಅಕ್ಕಪಕ್ಕದ ಗೋಡೌನಿನವರು ಒಯ್ಯುತ್ತಿದ್ದರು. ಮಕ್ಕಳಾಗಿದ್ದಾಗ ಅಪ್ಪ ನಮ್ಮ ತಲೆಯನ್ನೂ ಹಾಗೇ ತಟ್ಟಿ, "ಇದು ಸೆಕೆಂಡ್ಸು" ಅನ್ನುತ್ತಿದ್ದರು. ಕಾರ್ಖಾನೆಗೆ ಮಾತ್ರ ನಮ್ಮನ್ನು ಒಮ್ಮೆಯೂ ಕರೆದುಕೊಂಡು ಹೋಗಲಿಲ್ಲ. "ಅಲ್ಲಿ ಎಂತ ಉಂಟು ನೋಡ್ಲಿಕ್ಕೆ?"

ಕಳೆದ ಡಿಸೆಂಬರಿನಲ್ಲಿ ಅಲ್ಲಿ ಬೊಳ್ಳು ಎಂದಿನಂತೆ ಹಗ್ಗ ಬಿಗಿ ಮಾಡಿದಳು. ಎರಡು ಗೋಡೆಗಳ ನಡುವೆ ಸಂದು, ಮುಳ್ಳು ಗಿಡ, ಒಡೆದ ಹೆಂಚಿನ ರಾಶಿ. ದಾಟಿದರೆ ಬೀಗ ಹಾಕಿದ ಒಂದು ಹಳೆಯ ಗೋಡೌನು, ಅದರ ಜಗಲಿ ಹೊಳೆಗೆ ಮುಖ ಮಾಡಿದೆ. ನಾನು ನೋಡಿದ್ದರಲ್ಲಿ ಹೊಳೆಗೆ ಮುಖ ಮಾಡಿದ ಕಟ್ಟಡ ಅದೊಂದೇ. ಜಗಲಿಗೆ ಚೌಕದ ಕೆಂಪು ಹಾಸುಹೆಂಚು. ನೀರಿಳಿತದ ಹೊತ್ತು, ಕೆಸರಿನ ವಾಸನೆ. ಕೂತು ನೀರಿನ ಬಾಟಲಿ ತೆಗೆದೆ. ಪಕ್ಕದ ಹೆಂಚಿನ ಮೇಲೆ ಕೈ ಇಟ್ಟಾಗ ಬೆರಳಿಗೆ ಒಂದು ಗುಳಿ ಸಿಕ್ಕಿತು. ಧೂಳು ಒರೆಸಿದೆ. ನಾಲ್ಕು ಸಣ್ಣ ಗುಳಿ, ಕೆಳಗೆ ಒಂದು ದೊಡ್ಡದು. ತುದಿಯಲ್ಲಿ ಉಗುರಿನ ಗೀರು.

ನಾಯಿಯ ಹೆಜ್ಜೆ. ಹಸಿ ಹೆಂಚನ್ನು ಒಣಗಲು ಅಂಗಳದಲ್ಲಿ ಹಾಸಿದ್ದಾಗ ಯಾವುದೋ ನಾಯಿ ಮೇಲೆ ನಡೆದಿದೆ. ಯಾರೋ ಅಟ್ಟಿರಬೇಕು, ಉಗುರು ಆಳಕ್ಕೆ ಹೋಗಿದೆ, ಓಡುವಾಗಿನ ಹೆಜ್ಜೆ. ಹಾಗೆಯೇ ಗೂಡಿಗೆ ಹೋಗಿ ಸುಟ್ಟು, ಸೆಕೆಂಡ್ಸ್ ಆಗಿ, ಇಲ್ಲಿಗೆ ಬಂದಿದೆ. ಬೊಳ್ಳುವಿನ ಮುಂಗಾಲು ಎತ್ತಿ ಅದರ ಮೇಲೆ ಇಟ್ಟು ನೋಡಿದೆ. ಒಂದು ಎಳ್ಳಿನಷ್ಟು ಅವಳದ್ದೇ ದೊಡ್ಡದು. ಆದರೆ ಮಣ್ಣು ಒಣಗುವಾಗ, ಸುಡುವಾಗ ಕುಗ್ಗುತ್ತದೆ. ಹಾಗಾಗಿ ಇಬ್ಬರೂ ಸರಿಸಮ ಅಂತ ನನ್ನ ಲೆಕ್ಕ.

ಉಳಿದ ಹೆಜ್ಜೆ ಎಲ್ಲಿ? ಓಡಿದ್ದರೆ ಇನ್ನೂ ಇರಬೇಕಲ್ವಾ? ಧೂಳು ಒರೆಸುತ್ತಾ ಹೋದೆ. ಪಕ್ಕದ ಹೆಂಚಿನಲ್ಲಿ ಇರಲಿಲ್ಲ. ನಾಲ್ಕು ಹೆಂಚು ದಾಟಿ ಇನ್ನೊಂದು ಸಿಕ್ಕಿತು, ಅದು ಗೋಡೆಯ ಕಡೆಗೆ ತಿರುಗಿತ್ತು. ಹಾಸುವಾಗ ಗಾರೆಯವರು ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಇಟ್ಟಿದ್ದಾರೆ. ಮೂರನೆಯದ್ದು ಬಾಗಿಲಿನ ಹತ್ತಿರ, ತಲೆಕೆಳಗಾಗಿ. ನಲವತ್ತಾರು ವರ್ಷದ ಹೆಂಗಸು ಮುಚ್ಚಿದ ಗೋಡೌನಿನ ಜಗಲಿಯಲ್ಲಿ ಮಂಡಿಯೂರಿ ನೆಲ ಒರೆಸುತ್ತಿದ್ದಾಳೆ. ಹೊಳೆಯಲ್ಲಿ ಬಲೆ ಎಳೆಯುತ್ತಿದ್ದವರು ದೋಣಿ ನಿಧಾನ ಮಾಡಿ ನೋಡಿದರು. ನಾಯಿ ಕಂಡಿತು, ಮುಂದೆ ಹೋದರು.

ಇನ್ನು ನೋಡಲು ಉಳಿದಿದ್ದು ಮೂಲೆಯ ಆರು ಹೆಂಚು. ಅಲ್ಲಿ ಬೊಳ್ಳು ಹೊಟ್ಟೆ ಊರಿ ಮಲಗಿದ್ದಳು, ನೆಲ ತಂಪಾಗಿತ್ತು. ಕರೆದೆ. ಬಿಸ್ಕತ್ತು ತೋರಿಸಿದೆ. ಬಾಲ ಎರಡು ಸಲ ಆಡಿಸಿದಳು, ಏಳಲಿಲ್ಲ.